ಹೊಳೆ ದಾಟುವುದು ಮೇಲಿನಿಂದಲೋ, ಕೆಳಗಿನಿಂದಲೋ?

2024ರ ಮಾರ್ಚ್ ತಿಂಗಳ ಮಾತು. ಕೋಲ್ಕತ್ತದಲ್ಲಿ ಹೂಗ್ಲಿ ನದಿಯ ತಳಕ್ಕಿಂತ ಕೆಳಗೆ ಸುರಂಗ ಕೊರೆದು ಮೆಟ್ರೋ ರೈಲು ಓಡಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಎಂಟನೇ ತರಗತಿಯಲ್ಲಿ ಅದನ್ನು ಓದಿ ಹೇಳಿದೆ. ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. ಮೇಲೆ ನೀರು, ಕೆಳಗೆ ರೈಲು! ಒಬ್ಬಳು "ಕಿಡಕ್ಯಾಗ ಮೀನು ಕಾಣ್ತಾವೇನ್ರೀ ಸಾರ್?" ಎಂದು ಕೇಳಿದಳು. ಇಲ್ಲಮ್ಮ, ಸುತ್ತ ಕಾಂಕ್ರೀಟಿನ ಗೋಡೆ ಇರುತ್ತದೆ ಎಂದೆ. ಆಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ನಮ್ಮ ಹೊಳಿಗೂ ಹಂಗ ಮಾಡಿದ್ರ ಆಗಂಗಿಲ್ಲೇನ್ರೀ ಸಾರ್? ಹೊಳಿ ಬಂದ್ರೂ ಬಸ್ಸು ನಿಲ್ಲಂಗಿಲ್ಲ."

ಆ ಹುಡುಗನ ಅಕ್ಕ ರಾಯಚೂರಿನಲ್ಲಿ ಓದುತ್ತಿದ್ದಳು. ಅವನು ಕೇಳಿದ್ದು ತಮಾಷೆಗಲ್ಲ. ನಾನು ಮಾತ್ರ "ಅದಕ್ಕ ಭಾಳ ರೊಕ್ಕ ಬೇಕಪ್ಪ" ಎಂದು ಹೇಳಿ ಪಾಠ ಮುಂದುವರಿಸಿದೆ. ಮನೆಗೆ ಬಂದ ಮೇಲೆ ಅದು ಉತ್ತರವೇ ಅಲ್ಲ ಅನ್ನಿಸಿತು. ಹಣ ಇದ್ದರೆ ಸುರಂಗವೇ ಸರಿಯೇ? ಕೋಲ್ಕತ್ತದವರು ಯಾಕೆ ಕೆಳಗೆ ಹೋದರು? ನಮ್ಮ ತುಂಗಭದ್ರೆಯ ಮೇಲೆ ಯಾಕೆ ಎಲ್ಲ ಸೇತುವೆಗಳೇ ಇವೆ? ಈ ಲೇಖನ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ. ಇದಕ್ಕೆ ನಮ್ಮ ಊರಿನ ಚರಿತ್ರೆಯಿಂದಲೇ ಶುರು ಮಾಡಬೇಕು.

ಹೊಳೆ ದಾಟಿಯೇ ಹೆಸರು ಬಂದ ಊರು

ನಮ್ಮ ಜಿಲ್ಲೆಯ ಹೆಸರು ಕರ್ನೂಲು. ಅದರ ಹಳೆಯ ಹೆಸರು ಕಂದನವೋಲು. ಆ ಹೆಸರು ಬಂದ ಬಗೆಗೆ ಒಂದು ಐತಿಹ್ಯವಿದೆ. ಆಲಂಪುರದ ದೇವಾಲಯಕ್ಕೆ ಕಲ್ಲು ಸಾಗಿಸುತ್ತಿದ್ದ ಒಡ್ಡರ ಗಾಡಿಗಳು ತುಂಗಭದ್ರೆಯನ್ನು ದಾಟುವ ಮೊದಲು ಇಲ್ಲಿ ನಿಲ್ಲುತ್ತಿದ್ದವಂತೆ. ಹೊಳೆಗೆ ಇಳಿಯುವ ಮುಂಚೆ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರಂತೆ. ಕೀಲೆಣ್ಣೆಗೆ ತೆಲುಗಿನಲ್ಲಿ 'ಕಂದೆನ' ಎನ್ನುತ್ತಾರೆ. ಕಂದೆನ ಹಾಕುವ ಜಾಗ ಕಂದನವೋಲು ಆಯಿತು, ಮುಂದೆ ಕರ್ನೂಲು ಆಯಿತು ಎನ್ನುತ್ತಾರೆ. ಐತಿಹ್ಯವನ್ನು ಪೂರ್ತಿ ಚರಿತ್ರೆ ಎಂದು ಹೇಳುವಂತಿಲ್ಲ. ಆದರೂ ಹೊಳೆ ದಾಟುವುದು ಎಷ್ಟು ದೊಡ್ಡ ಕೆಲಸವಾಗಿತ್ತು, ಅದಕ್ಕೆ ಹಿಂದಿನವರು ಎಷ್ಟು ತಯಾರಿ ಮಾಡಿಕೊಳ್ಳುತ್ತಿದ್ದರು ಎಂಬುದು ಇದರಲ್ಲಿ ಕಾಣುತ್ತದೆ.

ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಗಾಡಿಗಳು ಬಂಡೆ, ಮರಳಿನ ನಡುವೆ ದಾರಿ ಹುಡುಕಿಕೊಂಡು ದಾಟುತ್ತಿದ್ದವು. ಮಳೆಗಾಲದಲ್ಲಿ ಹರಗೋಲು. ಬಿದಿರಿನಿಂದ ದುಂಡಗೆ ಹೆಣೆದು ಮೇಲೆ ಚರ್ಮ ಹೊದಿಸಿದ ಬುಟ್ಟಿ ಅದು. ನಮ್ಮ ಕಡೆ ಪುಟ್ಟಿ ಅಂತಲೂ ಅನ್ನುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಹತ್ತಿರ ಇದನ್ನು ನೋಡಿ ಬರೆದಿದ್ದಾನೆ. ಒಂದೊಂದರಲ್ಲಿ 15–20 ಜನ ಕೂರುತ್ತಿದ್ದರು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು ಎಂಬುದು ಅವನ ವರ್ಣನೆಯ ಸಾರ. ಇಂದು ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಟಾರು ಬಂದಿದೆ. ಆಕಾರ ಮಾತ್ರ ಅದೇ!

ವಿಜಯನಗರದವರು ಹರಗೋಲಿಗೆ ಸುಮ್ಮನಾಗಲಿಲ್ಲ. ಹಂಪಿಯ ವಿಠ್ಠಲ ದೇವಾಲಯದ ಹತ್ತಿರ ಹೊಳೆಯೊಳಗೆ ಸಾಲಾಗಿ ನಿಂತ ಕಲ್ಲಿನ ಕಂಬಗಳನ್ನು ನೀವು ನೋಡಿರಬಹುದು. ಅದು ಆ ಕಾಲದ ಸೇತುವೆಯ ಅವಶೇಷ. ಬಂಡೆಯ ತಳ ಇದ್ದುದರಿಂದ ಕಂಬ ನಿಲ್ಲಿಸುವುದು ಸಾಧ್ಯವಾಯಿತು. ಈ ಬಂಡೆಯ ವಿಷಯವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1786: ಹೊಳೆ ಬರುವ ಮೊದಲು

ಕೋಟೆ ಇರುವ ಊರಿನಲ್ಲೆಲ್ಲ ಒಂದು ಸುರಂಗದ ಕಥೆ ಇರುತ್ತದೆ. ಆದವಾನಿಯ ಬೆಟ್ಟ ಹತ್ತಿದ ಮಕ್ಕಳೂ "ಇಲ್ಲಿಂದ ಹೊಳೀತನಕ ಸುರಂಗ ಐತಂತ್ರೀ ಸಾರ್" ಎಂದು ಹೇಳುತ್ತಾರೆ. ಹಾಗೆ ಒಂದು ಸುರಂಗ ಇದ್ದಿದ್ದರೆ 1786ರಲ್ಲಿ ಅದು ಖಂಡಿತ ಉಪಯೋಗಕ್ಕೆ ಬರುತ್ತಿತ್ತು.

ಆಗ ಆದವಾನಿ ಹೈದರಾಬಾದಿನ ನಿಜಾಮನ ಮನೆತನದವರ ಕೈಯಲ್ಲಿತ್ತು. ನಿಜಾಮನ ತಮ್ಮ ಬಸಾಲತ್ ಜಂಗ್ ಇದನ್ನು ಆಳಿ ತೀರಿಕೊಂಡಿದ್ದ. ಅವನ ಕುಟುಂಬ ಕೋಟೆಯೊಳಗೆ ಇತ್ತು. ನಿಜಾಮ ಮತ್ತು ಮರಾಠರು ಒಂದಾಗಿ ಮೈಸೂರಿನ ಮೇಲೆ ಯುದ್ಧ ಹೂಡಿದಾಗ ಟಿಪ್ಪು ಸುಲ್ತಾನ ಬಂದು ಆದವಾನಿಗೆ ಮುತ್ತಿಗೆ ಹಾಕಿದ. ಲಗ್ಗೆ ಹಾಕಿದರೂ ಕೋಟೆ ಬೀಳಲಿಲ್ಲ. ಅಷ್ಟರಲ್ಲಿ ನಿಜಾಮ ಮತ್ತು ಮರಾಠರ ದೊಡ್ಡ ಸೈನ್ಯ ತುಂಗಭದ್ರೆ ದಾಟಿ ನೆರವಿಗೆ ಬಂತು. ಟಿಪ್ಪು ಹಿಂದೆ ಸರಿದ.

ಇಲ್ಲಿಗೆ ಕೋಟೆ ಉಳಿಯಿತು ಅಂದುಕೊಳ್ಳುತ್ತೇವೆ ಅಲ್ಲವೇ? ಉಳಿಯಲಿಲ್ಲ. ಮುಂಗಾರು ಹತ್ತಿರ ಬಂದಿತ್ತು. ಹೊಳೆ ಒಮ್ಮೆ ತುಂಬಿತೆಂದರೆ ನೆರವಿಗೆ ಬಂದ ಸೈನ್ಯ ದಕ್ಷಿಣ ದಡದಲ್ಲಿ ಸಿಕ್ಕಿಕೊಳ್ಳುತ್ತದೆ. ಆಚೆಯಿಂದ ಕಾಳು ಬರುವುದಿಲ್ಲ, ಮೇವು ಬರುವುದಿಲ್ಲ. ಹೀಗಾಗಿ ಅವರು ಕೋಟೆಯಲ್ಲಿದ್ದ ಕುಟುಂಬವನ್ನು ಕರೆದುಕೊಂಡು, ಹೊಳೆ ಏರುವ ಮೊದಲೇ ಉತ್ತರದ ದಡಕ್ಕೆ ಹೊರಟುಹೋದರು. ಬಿಟ್ಟುಹೋದ ಆದವಾನಿ ಟಿಪ್ಪುವಿನ ಕೈಸೇರಿತು. ಅವನು ಕೋಟೆಯ ಗೋಡೆಗಳನ್ನು ಕೆಡವಿಸಿ, ಫಿರಂಗಿಗಳನ್ನು ಗುತ್ತಿ, ಬಳ್ಳಾರಿಗೆ ಸಾಗಿಸಿದ.

ಇದಾದ ಮೇಲೆ ಟಿಪ್ಪು ಯಾರೂ ನಿರೀಕ್ಷಿಸದ ಕೆಲಸ ಮಾಡಿದ. ತುಂಬಿದ ಹೊಳೆಯನ್ನು ಸೈನ್ಯ ದಾಟಲಾರದು ಎಂದು ಆಚೆ ದಡದವರು ನಿಶ್ಚಿಂತೆಯಿಂದ ಇದ್ದಾಗ, ಅವನು ಹರಗೋಲು, ತೆಪ್ಪಗಳನ್ನು ಕೂಡಿಸಿ ಪ್ರವಾಹದಲ್ಲೇ ತುಂಗಭದ್ರೆಯನ್ನು ದಾಟಿದ. ಒಬ್ಬರು ಹೊಳೆಗೆ ಹೆದರಿ ಕೋಟೆ ಬಿಟ್ಟರು, ಇನ್ನೊಬ್ಬ ಅದೇ ಹೊಳೆಯನ್ನು ದಾಟಿ ಯುದ್ಧದ ದಿಕ್ಕನ್ನೇ ಬದಲಿಸಿದ.

ನಮ್ಮ ಹೊಳೆ ಹಡಗು ಓಡುವ ಹೊಳೆಯಲ್ಲ. ವರ್ಷದಲ್ಲಿ ಎಂಟು ತಿಂಗಳು ಸುಮ್ಮನೆ ಇದ್ದು, ಮಳೆಗಾಲದ ಕೆಲವು ದಿನ ಮಾತ್ರ ದಾರಿ ಮುಚ್ಚುವ ಹೊಳೆ. ಆದವಾನಿಯ ಹಣೆಬರಹ ಬರೆದದ್ದು ಆ ಕೆಲವು ದಿನಗಳೇ.

1871: ಹಳಿಗಳು ಕೂಡಿದ ವರ್ಷ

1800ರಲ್ಲಿ ನಿಜಾಮ ಬಳ್ಳಾರಿ, ಆದವಾನಿ, ಕಡಪ ಮುಂತಾದ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ಸೀಮೆಗೆ ದತ್ತಮಂಡಲ ಎಂದು ಹೆಸರಾಯಿತು. ಹೊಳೆಯ ದಕ್ಷಿಣ ದಡ ಕಂಪನಿಯದು, ಎದುರಿನ ರಾಯಚೂರು ನಿಜಾಮನದು. ಭಾಷೆ, ನೆಂಟಸ್ತನ, ಸಂತೆ ಎಲ್ಲ ಎರಡೂ ದಡದಲ್ಲಿ ಒಂದೇ ಇದ್ದರೂ ನಡುವೆ ಹರಿಯುತ್ತಿದ್ದ ನೀರು ಎರಡು ರಾಜ್ಯಗಳ ಗಡಿಯಾಯಿತು.

ಮುಂದಿನ ದೊಡ್ಡ ಬದಲಾವಣೆ ರೈಲು. ಮದರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯ ಹಳಿ ಗುಂತಕಲ್ಲು, ಆದವಾನಿ ದಾಟಿ ಬಂತು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ವಾಡಿ ಕಡೆಯಿಂದ ಬಂತು. ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ರಾಯಚೂರು ಎರಡು ಹೊಳೆಗಳ ನಡುವಿನ ಊರು. ಹೀಗಾಗಿ ಮುಂಬಯಿ ಕಡೆಯವರು ಕೃಷ್ಣೆಗೂ ಮದರಾಸು ಕಡೆಯವರು ತುಂಗಭದ್ರೆಗೂ ಸೇತುವೆ ಕಟ್ಟಲೇಬೇಕಾಯಿತು. ಇಂದು ನಾವು ಆದವಾನಿಯಲ್ಲಿ ರೈಲು ಹತ್ತಿ, ಕೋಸಿಗಿ, ಮಂತ್ರಾಲಯಂ ರೋಡ್ ದಾಟಿ, ಮಟಮಾರಿಯ ಮೇಲೆ ರಾಯಚೂರಿಗೆ ಹೋಗುವಾಗ ಹೊಳೆ ದಾಟುವ ದಾರಿ ಅದೇ. ಸೇತುವೆ ಬಂದ ಮೇಲೆ ಹೊಳೆ ಬಂದರೂ ಆದವಾನಿಯ ಹತ್ತಿ ಮುಂಬಯಿಗೆ ಹೋಗುವುದು ನಿಲ್ಲಬೇಕಾಗಿರಲಿಲ್ಲ.

ಸೇತುವೆಯ ಕಂಬವನ್ನು ನೀರಿನಲ್ಲಿ ಹೇಗೆ ನಿಲ್ಲಿಸುತ್ತಾರೆ ಎಂದು ಮಕ್ಕಳು ಕೇಳುತ್ತಾರೆ. ತಳದಲ್ಲಿ ಬಂಡೆ ಇದ್ದರೆ ಕೆಲಸ ಸುಲಭ. ಬೇಸಿಗೆಯಲ್ಲಿ ನೀರು ಕಡಿಮೆ ಇದ್ದಾಗ ಸುತ್ತ ಒಡ್ಡು ಹಾಕಿ, ಒಳಗಿನ ನೀರು ಹೊರಹಾಕಿ, ಬಂಡೆಯ ಮೇಲೆಯೇ ಕಟ್ಟುತ್ತಾರೆ. ನಮ್ಮ ಇನ್ನೊಂದು ಹೊಳೆ ಹಗರಿಯ ಹಾಗೆ ಆಳದವರೆಗೆ ಮರಳೇ ಇದ್ದರೆ ಬಾವಿ ಇಳಿಸುತ್ತಾರೆ. ಮೊದಲು ಮರಳಿನ ಮೇಲೆ ದುಂಡಗೆ ಗೋಡೆ ಕಟ್ಟುವುದು, ಆಮೇಲೆ ಒಳಗಿನ ಮರಳನ್ನು ತೆಗೆಯುತ್ತಾ ಹೋಗುವುದು. ಗೋಡೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಗಟ್ಟಿ ನೆಲ ಸಿಕ್ಕಿದ ಮೇಲೆ ಬಾವಿಯನ್ನು ತುಂಬಿ ಅದರ ಮೇಲೆ ಕಂಬ ಎಬ್ಬಿಸುತ್ತಾರೆ. ಇದು ಇಂಗ್ಲಿಷರು ತಂದ ವಿದ್ಯೆಯಲ್ಲ. ನಮ್ಮ ದೇಶದಲ್ಲಿ ಮೊದಲಿನಿಂದ ಇದ್ದದ್ದು. ರೈಲ್ವೆ ಎಂಜಿನಿಯರುಗಳು ಅದನ್ನೇ ದೊಡ್ಡದಾಗಿ ಬಳಸಿಕೊಂಡರು.

ಇದೇ ಕಾಲದ ಇನ್ನೊಂದು ಕೆಲಸ ಕರ್ನೂಲು ಪಟ್ಟಣದಲ್ಲಿದೆ. ಸುಂಕೇಸುಲದ ಅಣೆಕಟ್ಟೆಯಿಂದ ಹೊರಡುವ ಕರ್ನೂಲು–ಕಡಪ ಕಾಲುವೆ ಹಂದ್ರಿ ನದಿಯನ್ನು ಮೇಲಿನಿಂದ ದಾಟುತ್ತದೆ. ಅಂದರೆ ಕೆಳಗೆ ಒಂದು ಹೊಳೆ, ಮೇಲೆ ಕಮಾನುಗಳ ಮೇಲೆ ಇನ್ನೊಂದು ನೀರು! ಮದ್ರಾಸ್ ಇರಿಗೇಷನ್ ಆಂಡ್ ಕೆನಾಲ್ ಕಂಪನಿ 1863ರಲ್ಲಿ ಇದರ ಕೆಲಸ ಶುರು ಮಾಡಿತು. ನೀರಾವರಿಯ ಜೊತೆಗೆ ದೋಣಿ ಸಂಚಾರವೂ ನಡೆಯಲಿ ಎಂಬುದು ಉದ್ದೇಶವಾಗಿತ್ತು. ಕಂಪನಿಗೆ ಲಾಭ ಬರದೆ 1882ರಲ್ಲಿ ಸರ್ಕಾರವೇ ಕಾಲುವೆಯನ್ನು ಕೊಂಡಿತು.

ಕೆಳಗಿನಿಂದ ಹೋದವರು ಯಾಕೆ ಹೋದರು?

ಈಗ ಸುರಂಗದ ಕಡೆಗೆ ಬರೋಣ. ಹಡಗು ಓಡುವ ನದಿಯ ಕೆಳಗೆ ಜನ ದಾಟಲು ಕೊರೆದ ಮೊದಲ ಸುರಂಗ ಲಂಡನ್ನಿನ ಥೇಮ್ಸ್ ನದಿಯದು. ಆ ಕಾಲದಲ್ಲಿ ಲಂಡನ್ ಬಂದರಿಗೆ ಎತ್ತರದ ಪಟಸ್ತಂಭಗಳ ಹಡಗುಗಳು ಸಾಲುಸಾಲಾಗಿ ಬರುತ್ತಿದ್ದವು. ಅಲ್ಲಿ ಸೇತುವೆ ಕಟ್ಟಿದರೆ ಹಡಗಿಗೆ ದಾರಿ ಇಲ್ಲ. ಹಡಗಿಗೆ ಅಡ್ಡಿಯಾಗದಷ್ಟು ಎತ್ತರಕ್ಕೆ ಕಟ್ಟಿದರೆ ಕುದುರೆ ಗಾಡಿ ಅಷ್ಟು ಏರು ಹತ್ತುವುದಿಲ್ಲ. ಹೀಗಾಗಿ ಕೆಳಗೆ ಹೋಗುವ ಯೋಚನೆ ಬಂತು.

ಮಾರ್ಕ್ ಬ್ರೂನೆಲ್ ಎಂಬ ಎಂಜಿನಿಯರ್ 1825ರಲ್ಲಿ ಕೆಲಸ ಶುರು ಮಾಡಿದ. ಹಡಗಿನ ಮರವನ್ನು ಕೊರೆಯುವ ಒಂದು ಹುಳುವನ್ನು ನೋಡಿ ಅವನಿಗೆ ಉಪಾಯ ಹೊಳೆಯಿತಂತೆ. ಆ ಹುಳು ತಲೆಯ ಮುಂದೆ ಗಟ್ಟಿ ಚಿಪ್ಪು ಇಟ್ಟುಕೊಂಡು ಕೊರೆಯುತ್ತದೆ, ಹಿಂದೆ ತಾನು ಮಾಡಿದ ದಾರಿಯ ಗೋಡೆಗೆ ಲೇಪ ಹಚ್ಚುತ್ತಾ ಹೋಗುತ್ತದೆ. ಬ್ರೂನೆಲ್ ಕಬ್ಬಿಣದ ದೊಡ್ಡ ಚೌಕಟ್ಟು ಮಾಡಿಸಿದ. ಅದರ ಗೂಡುಗಳಲ್ಲಿ ಕೂಲಿಗಳು ನಿಂತು ಮುಂದಿನ ಮಣ್ಣು ಅಗೆಯುವುದು, ಚೌಕಟ್ಟನ್ನು ಸ್ವಲ್ಪ ಮುಂದೆ ತಳ್ಳುವುದು, ಹಿಂದೆ ಇಟ್ಟಿಗೆ ಕಟ್ಟುವುದು. ಇಂದಿನ ಸುರಂಗ ಕೊರೆಯುವ ಯಂತ್ರಗಳಿಗೆ ಇದೇ ಮೂಲ.

ಆದರೆ ನದಿ ಸುಮ್ಮನೆ ಬಿಡಲಿಲ್ಲ. 1827ರಲ್ಲಿ ನೀರು ನುಗ್ಗಿತು. 1828ರಲ್ಲಿ ಮತ್ತೆ ನುಗ್ಗಿ ಆರು ಜನ ಸತ್ತರು. ಬ್ರೂನೆಲ್‌ನ ಮಗ ಕೂದಲೆಳೆಯಲ್ಲಿ ಉಳಿದ. ಹಣ ಮುಗಿದು ಕೆಲಸ ಏಳು ವರ್ಷ ನಿಂತಿತು. ಕೊನೆಗೆ 1843ರಲ್ಲಿ ಸುರಂಗ ತೆರೆಯಿತು. ಉದ್ದ 400 ಮೀಟರ್ ಕೂಡ ಇಲ್ಲ, ಹಿಡಿದದ್ದು 18 ವರ್ಷ! ಅಷ್ಟಾದರೂ ಗಾಡಿಗಳು ಇಳಿಯುವ ಇಳಿಜಾರು ದಾರಿ ಕಟ್ಟಲು ದುಡ್ಡು ಇರಲಿಲ್ಲ. ಮೆಟ್ಟಿಲು ಇಳಿದು ನಡೆದು ಹೋಗುವವರಿಗೆ ಮಾತ್ರ ಅದು ಉಪಯೋಗವಾಯಿತು. ಗಾಡಿಗಳಿಗಾಗಿ ಮಾಡಿದ ಸುರಂಗದಲ್ಲಿ ಒಂದು ಗಾಡಿಯೂ ಓಡಲಿಲ್ಲ. 1869ರಿಂದ ಅದರಲ್ಲಿ ರೈಲು ಓಡಿತು, ಇಂದಿಗೂ ಓಡುತ್ತಿದೆ.

ಮೋಟಾರು ಬಂದ ಮೇಲೆ ಇನ್ನೊಂದು ತೊಂದರೆ ಹುಟ್ಟಿಕೊಂಡಿತು, ಹೊಗೆ. ನ್ಯೂಯಾರ್ಕಿನ ಹಡ್ಸನ್ ನದಿಯ ಕೆಳಗೆ 1927ರಲ್ಲಿ ತೆರೆದ ಹಾಲೆಂಡ್ ಸುರಂಗದಲ್ಲಿ ಒಳಗಿನ ಗಾಳಿ ಬದಲಿಸಲು 84 ದೊಡ್ಡ ಫ್ಯಾನುಗಳನ್ನು ಇಟ್ಟರು. ಒಂದೂವರೆ ನಿಮಿಷಕ್ಕೊಮ್ಮೆ ಗಾಳಿ ಪೂರ್ತಿ ಬದಲಾಗುವ ಹಾಗೆ ಲೆಕ್ಕ ಹಾಕಿದ್ದರು. ಫ್ಯಾನು ನಿಂತರೆ ಸುರಂಗ ಮುಚ್ಚಬೇಕು. ಸೇತುವೆಯ ಮೇಲೆ ಗಾಳಿ ಪುಕ್ಕಟೆ!

ಇನ್ನು ಕೋಲ್ಕತ್ತ. ಹೂಗ್ಲಿಯ ಮೇಲೆ 1874ರಿಂದ ದೋಣಿಗಳ ಸಾಲಿನ ಮೇಲೆ ಕಟ್ಟಿದ ತೇಲುವ ಸೇತುವೆ ಇತ್ತು. ಹಡಗು ಬಂದಾಗ ಅದರ ನಡುಭಾಗವನ್ನು ತೆರೆಯಬೇಕಿತ್ತು. 1943ರಲ್ಲಿ ಈಗಿನ ಹೌರಾ ಸೇತುವೆ ಬಂತು. ನದಿಯೊಳಗೆ ಅದಕ್ಕೆ ಒಂದೂ ಕಂಬವಿಲ್ಲ. ಎರಡೂ ದಡದಲ್ಲಿ ಕಾಲೂರಿ ನಿಂತಿದೆ. ನದಿಯ ಎರಡೂ ಕಡೆ ಅಂಗೈ ಅಗಲ ಜಾಗ ಖಾಲಿ ಇಲ್ಲದಷ್ಟು ಊರು ಬೆಳೆದ ಮೇಲೆ ಮೆಟ್ರೋ ಕೆಳಗೆ ಇಳಿಯಿತು. ನದಿಯ ಕೆಳಗಿನ ಭಾಗ ಸುಮಾರು 520 ಮೀಟರ್. ರೈಲು ಅದನ್ನು ಮುಕ್ಕಾಲು ನಿಮಿಷದಲ್ಲಿ ದಾಟುತ್ತದೆ. ಒಂದು ವಿಚಿತ್ರ ನೋಡಿ. ನದಿಯ ಕೆಳಗೆ ಕೊರೆಯುವಾಗ ಆಗದ ಅನಾಹುತ ಅದೇ ಮಾರ್ಗದಲ್ಲಿ ಊರಿನ ಕೆಳಗೆ ಆಯಿತು. 2019ರ ಆಗಸ್ಟ್ ಕೊನೆಗೆ ಬವುಬಜಾರ್ ಎಂಬಲ್ಲಿ ಅಂತರ್ಜಲ ಸುರಂಗಕ್ಕೆ ನುಗ್ಗಿ ಮೇಲಿನ ಮನೆಗಳು ಬಿರುಕುಬಿಟ್ಟು ಕುಸಿದವು. ಹೀಗಾಗಿ ಮಾರ್ಗ ಪೂರ್ತಿಯಾಗಿ ತೆರೆಯುವುದು 2025ರ ಆಗಸ್ಟ್‌ವರೆಗೆ ತಡವಾಯಿತು.

ಇವನ್ನೆಲ್ಲ ಒಟ್ಟಿಗೆ ನೋಡಿದರೆ ಎರಡು ಕಾರಣ ಎದ್ದು ಕಾಣುತ್ತವೆ. ಒಂದು, ನೀರಿನ ಮೇಲೆ ಹಡಗು ಓಡಬೇಕು. ಎರಡು, ದಡದಲ್ಲಿ ಜಾಗವಿಲ್ಲ. ಹಣ ಹೆಚ್ಚಿದೆ ಎಂದು ಯಾರೂ ಸುರಂಗ ಕೊರೆಯಲಿಲ್ಲ.

ನಮ್ಮ ಹೊಳೆಗೆ ಲೆಕ್ಕ ಹಾಕೋಣ

ಇನ್ನು ನಮ್ಮ ಹುಡುಗನ ಪ್ರಶ್ನೆ. ಕರಿಹಲಗೆಯ ಮೇಲೆ ಲೆಕ್ಕ ಹಾಕಿಯೇ ನೋಡೋಣ. ಹೊಳೆಯ ಅಗಲ 600 ಮೀಟರ್ ಎಂದು ಇಟ್ಟುಕೊಳ್ಳಿ. ಸುರಂಗದ ಮೇಲೆ ಸಾಕಷ್ಟು ಬಂಡೆ ಉಳಿಯಬೇಕಾದರೆ ರಸ್ತೆ ದಡಕ್ಕಿಂತ 25 ಮೀಟರಾದರೂ ಕೆಳಗೆ ಇರಬೇಕು ಎನ್ನೋಣ. ಲಾರಿಗಳು ಹತ್ತುವ ಏರು 25ಕ್ಕೆ 1. ಅಂದರೆ 25 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿಯಬಹುದು. 25 ಮೀಟರ್ ಇಳಿಯಲು 25×25, ಅಂದರೆ 625 ಮೀಟರ್. ಎರಡೂ ಕಡೆ ಸೇರಿ 1,250. ಹೊಳೆಯನ್ನು ಕೂಡಿಸಿದರೆ 1,850 ಮೀಟರ್. 600 ಮೀಟರ್ ಹೊಳೆಗೆ ಅದರ ಮೂರು ಪಟ್ಟು ದಾರಿ!

ರೈಲಿಗೆ ಇನ್ನೂ ಕಷ್ಟ. ರೈಲು 100ಕ್ಕೆ 1ರ ಏರು ಹತ್ತುತ್ತದೆ ಎಂದುಕೊಂಡರೆ ಒಂದೊಂದು ಕಡೆ 2,500 ಮೀಟರ್ ಬೇಕು. ಒಟ್ಟು 5,600 ಮೀಟರ್. ಅದೂ ಗಟ್ಟಿ ಬಂಡೆ ಒಡೆಯುತ್ತಾ. ಯಾವ ಬಂಡೆ ಸೇತುವೆಯ ಕಂಬಕ್ಕೆ ಆಸರೆಯಾಯಿತೋ ಅದೇ ಬಂಡೆ ಸುರಂಗಕ್ಕೆ ಕಷ್ಟವಾಗುತ್ತದೆ. ಹಗರಿಯಲ್ಲಿ ಬಂಡೆಯ ತೊಂದರೆ ಇಲ್ಲ, ಆದರೆ ಅಲ್ಲಿ ನೀರು ತುಂಬಿದ ಮರಳು. ಬ್ರೂನೆಲ್‌ಗೆ ಕಾಟ ಕೊಟ್ಟದ್ದು ಅಂಥ ಸಡಿಲ ತಳವೇ.

ಎಲ್ಲಕ್ಕಿಂತ ದೊಡ್ಡ ಮಾತು ಪ್ರವಾಹ. ಸುರಂಗದ ಬಾಯಿ ದಡದಲ್ಲಿ ಇರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ನಮ್ಮ ಕಡೆಯವರು ಮರೆತಿಲ್ಲ. ಮಂತ್ರಾಲಯದ ಮಠದ ಆವರಣಕ್ಕೇ ನೀರು ನುಗ್ಗಿತು. ಅಕ್ಟೋಬರ್ 2ರಂದು ಕರ್ನೂಲು ಪಟ್ಟಣ ಮುಳುಗಿತು. ರಾಯಚೂರು ಜಿಲ್ಲೆಯ ಹೊಳೆದಂಡೆಯ ಊರುಗಳನ್ನು ಆಮೇಲೆ ಬೇರೆ ಕಡೆ ಸ್ಥಳಾಂತರ ಮಾಡಬೇಕಾಯಿತು. ಆ ನೀರು ಸುರಂಗದ ಬಾಯಿಗೆ ಬಂದಿದ್ದರೆ? ಸೇತುವೆ ಮುಳುಗಿದರೆ ನೀರು ಇಳಿದ ಮೇಲೆ ಮತ್ತೆ ಕಾಣುತ್ತದೆ. ಸುರಂಗ ತುಂಬಿದರೆ ತಿಂಗಳುಗಟ್ಟಲೆ ನೀರು, ಕೆಸರು ಎತ್ತಬೇಕು. ಪಂಪು, ದೀಪ, ಫ್ಯಾನು ಹಗಲು ರಾತ್ರಿ ಓಡಬೇಕು. ಹೊಳೆ ಬಂದ ದಿನವೇ ಕರೆಂಟು ಹೋಗುವುದು ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ.

ಹೀಗಾಗಿ ನಮ್ಮ ಹೊಳೆಗೆ ಸೇತುವೆಯೇ ಸರಿ. ಆದರೆ ಹುಡುಗನ ಮಾತಿನಲ್ಲಿ ಇನ್ನೊಂದು ಭಾಗವಿತ್ತು, "ಹೊಳಿ ಬಂದ್ರೂ ಬಸ್ಸು ನಿಲ್ಲಂಗಿಲ್ಲ." ಅದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.

ಸೇತುವೆ ಇದ್ದರೆ ಸಾಲದು

ಕಂಪ್ಲಿ–ಗಂಗಾವತಿ ನಡುವಿನ ತುಂಗಭದ್ರಾ ಸೇತುವೆಯನ್ನು ನೋಡಿ. ಜಲಾಶಯದಿಂದ ನೀರು ಹೆಚ್ಚು ಬಿಟ್ಟಾಗಲೆಲ್ಲ ಅದು ಮುಳುಗುತ್ತದೆ. 2019ರಲ್ಲಿ, 2022ರಲ್ಲಿ ಮುಳುಗಿ ಎರಡು ಜಿಲ್ಲೆಗಳ ಸಂಪರ್ಕ ಕಡಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಲ್ಲಿ ಸೇತುವೆ ಇದೆ, ಎತ್ತರ ಇಲ್ಲ. ಮಳೆಗಾಲದ ಆ ಕೆಲವು ದಿನ, ಅಂದರೆ 1786ರಲ್ಲಿ ಆದವಾನಿಯ ಹಣೆಬರಹ ಬರೆದ ಅಂಥದೇ ದಿನಗಳಲ್ಲಿ, ಅದು ಉಪಯೋಗಕ್ಕೆ ಬರುವುದಿಲ್ಲ.

ಎತ್ತರದ ಜೊತೆಗೆ ಉದ್ದವೂ ಬೇಕು. ಖರ್ಚು ಉಳಿಸಲು ಸೇತುವೆಯನ್ನು ಗಿಡ್ಡ ಮಾಡಿ, ಎರಡೂ ಕಡೆ ಮಣ್ಣಿನ ಏರಿ ಹಾಕಿದರೆ ಆ ಏರಿ ಪ್ರವಾಹಕ್ಕೆ ಕಟ್ಟೆಯಾಗುತ್ತದೆ. ಮೇಲ್ಗಡೆಯ ಊರಿಗೆ ನೀರು ಏರುತ್ತದೆ. ಆಮೇಲೆ ಏರಿಯೇ ಕೊಚ್ಚಿಹೋಗುತ್ತದೆ. ನಡುವೆ ಸೇತುವೆ ಗಟ್ಟಿಯಾಗಿ ನಿಂತಿದ್ದರೂ ಅದನ್ನು ಹತ್ತಲು ದಾರಿ ಇರುವುದಿಲ್ಲ.

ಮೂರನೆಯದು ಎಲ್ಲಿ ಕಟ್ಟಬೇಕು ಎಂಬ ವಿಚಾರ. ಆನೆಗೊಂದಿ–ತಳವಾರಘಟ್ಟದ ನಡುವೆ ಸೇತುವೆ ಬೇಕೆಂಬುದು ಅಲ್ಲಿನ ಜನರ ನ್ಯಾಯವಾದ ಬೇಡಿಕೆಯಾಗಿತ್ತು. ಆದರೆ ಹಂಪಿಯ ಸ್ಮಾರಕಗಳ ನಡುವೆ ಅದು ಬಂದುದರಿಂದ ಯುನೆಸ್ಕೋ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಪಟ್ಟಿಯಿಂದ ತೆಗೆಯಿತು. ಕೆಲಸ ಮತ್ತೆ ನಡೆಯುತ್ತಿದ್ದಾಗ 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಸತ್ತರು. ಆಮೇಲೆ ಬೇರೆ ಕಡೆ, ಬುಕ್ಕಸಾಗರ–ಕಡೆಬಾಗಿಲು ನಡುವೆ ಸೇತುವೆ ಬಂತು.

ನಾಲ್ಕನೆಯದು ಆರೈಕೆ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹತ್ತಿರ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕ ಬದುಕುಳಿದದ್ದು ಪುಣ್ಯ. ಆ ಸೇತುವೆಗೆ ನಾಲ್ಕು ದಶಕ ಆಗಿತ್ತು ಅಷ್ಟೇ. ನಮ್ಮ ಮನೆಗೇ ತಟ್ಟಿದ ಉದಾಹರಣೆ ಬೇಕೆಂದರೆ ಎಲ್ಎಲ್‌ಸಿ ಕಾಲುವೆ. ತುಂಗಭದ್ರಾ ಜಲಾಶಯದ ಈ ಕೆಳಮಟ್ಟದ ಕಾಲುವೆ ಬಳ್ಳಾರಿ ಜಿಲ್ಲೆಯನ್ನು ದಾಟಿ ನಮ್ಮ ಆದವಾನಿ ಕಡೆಯ ಹೊಲಗಳಿಗೆ ಬರುತ್ತದೆ. ಬೈರದೇವನಹಳ್ಳಿಯ ಹತ್ತಿರ ಅದು ಕಂಬಗಳ ಮೇಲೆ ವೇದಾವತಿಯನ್ನು, ಅಂದರೆ ಹಗರಿಯನ್ನು, ದಾಟುತ್ತದೆ. 2022ರ ಅಕ್ಟೋಬರ್‌ನಲ್ಲಿ ಒಂದು ಕಂಬ ಕುಸಿಯಿತು. ಒಂದೇ ಒಂದು ಕಂಬ! ಎರಡೂ ರಾಜ್ಯದ ರೈತರ ನೀರು ನಿಂತಿತು. ದುರಸ್ತಿ ಮುಗಿಯುವವರೆಗೆ ಬೆಳೆ ನೋಡಿಕೊಂಡು ಜನ ಕಂಗಾಲಾಗಿದ್ದರು. ಕಂಬ ಇದ್ದದ್ದು ಕರ್ನಾಟಕದಲ್ಲಿ, ಒಣಗಿದ ಹೊಲ ಆಂಧ್ರದಲ್ಲೂ ಇತ್ತು. ಗಡಿಯ ಸೇತುವೆಗಳ ಆರೈಕೆಯಲ್ಲಿ ಇಬ್ಬರೂ ಕೈಜೋಡಿಸಬೇಕು ಎಂದು ಹೇಳುವುದು ಇದಕ್ಕೇ.

ಗಡಿಯವರಿಗೆ ಸೇತುವೆ ಎಂದರೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಅಂದಿನಿಂದ ನಮ್ಮ ಕನ್ನಡ ಶಾಲೆಗಳು ಒಂದು ರಾಜ್ಯದಲ್ಲಿ ಇದ್ದುಕೊಂಡು ಇನ್ನೊಂದು ರಾಜ್ಯದ ಭಾಷೆಯಲ್ಲಿ ಪಾಠ ಹೇಳುತ್ತಿವೆ. ಕೌತಾಳಂ, ಕೋಸಿಗಿ, ಹೊಳಗುಂದ ಕಡೆಯ ಮಕ್ಕಳು ಕನ್ನಡದಲ್ಲಿ ಮುಂದೆ ಓದಬೇಕೆಂದರೆ ಹಗರಿ ದಾಟಿ ಸಿರುಗುಪ್ಪ, ಬಳ್ಳಾರಿಗೆ ಹೋಗಬೇಕು, ಇಲ್ಲವೇ ತುಂಗಭದ್ರೆ ದಾಟಿ ರಾಯಚೂರಿಗೆ ಹೋಗಬೇಕು. ಹಗರಿಯಿಂದ ಆಲೂರು, ಆದವಾನಿ, ಎಮ್ಮಿಗನೂರು, ಮಾಧವರಂ ಮೇಲೆ ರಾಯಚೂರಿಗೆ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿಯನ್ನು ನಕ್ಷೆಯಲ್ಲಿ ನೋಡಿ. ಎರಡೂ ತುದಿಯಲ್ಲಿ ಹೊಳೆ, ಎರಡೂ ತುದಿಯಲ್ಲಿ ಕನ್ನಡನಾಡು, ನಡುವೆ ನಾವು.

ಮಗಳನ್ನು ಆಚೆ ಕಳಿಸಬೇಕೋ ಬೇಡವೋ ಎಂದು ತಂದೆತಾಯಿ ಯೋಚಿಸುವಾಗ ಫೀಸಿನ ಮಾತು ಒಂದು ಬರುತ್ತದೆ. "ಮಳಿಗಾಲದಾಗ ಹೆಂಗ ಬರ್ತಾಳ್ರೀ?" ಎಂಬ ಮಾತು ಇನ್ನೊಂದು. ಎಷ್ಟೋ ಹುಡುಗಿಯರ ಓದು ಈ ಎರಡನೇ ಮಾತಿಗೆ ನಿಂತದ್ದನ್ನು ನಾನು ನೋಡಿದ್ದೇನೆ. ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿಯ ಹಿನ್ನೀರಿನಾಚೆಯ ಜನ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ಲಾಂಚಿಗೆ ಕಾದು ಕಾದು, 2025ರ ಜುಲೈ 14ರಂದು ಸಿಗಂದೂರಿನ 2.44 ಕಿಲೋಮೀಟರ್ ಉದ್ದದ ಸೇತುವೆ ಕಂಡರು. ಆರು ದಶಕ! ಅಲ್ಲಿಯೂ ಜನ ಬಿಡದೆ ಕೇಳಿದ್ದರಿಂದಲೇ ಸೇತುವೆ ಬಂತು.

ಆದ್ದರಿಂದ ನಾವು ಕೇಳಬೇಕಾದದ್ದು ಸುರಂಗವನ್ನಲ್ಲ. 2009ರ ನೀರಿಗಿಂತ ಎತ್ತರದ ಸೇತುವೆ, ನೀರು ಹೋಗಲು ಸಾಕಷ್ಟು ಕಂಡಿ, ವರ್ಷಕ್ಕೊಮ್ಮೆ ಕಂಬಗಳ ತಪಾಸಣೆ, ಒಂದು ಮುಚ್ಚಿದರೆ ಹತ್ತಿರದಲ್ಲೇ ಇನ್ನೊಂದು ದಾರಿ. ಇಷ್ಟಾದರೆ ಹೊಳೆ ಬಂದರೂ ಬಸ್ಸು ನಿಲ್ಲುವುದಿಲ್ಲ.

ಶಾಲೆಗಳಲ್ಲಿ ನಾವೂ ಒಂದು ಕೆಲಸ ಮಾಡಬಹುದು. ಹೊಳೆದಂಡೆಯ ಊರಿನ ಹಿರಿಯರನ್ನು ಕೇಳಿ, 2009ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗುಡಿಯ ಗೋಡೆಗೋ ಶಾಲೆಯ ಗೋಡೆಗೋ ಮಕ್ಕಳ ಕೈಯಲ್ಲಿ ಗುರುತು ಹಾಕಿಸಿ, ಇಸವಿ ಬರೆಸಿ. ಆ ಗುರುತಿನಿಂದ ನಮ್ಮ ಸೇತುವೆ ಎಷ್ಟು ಎತ್ತರ ಅಥವಾ ಎಷ್ಟು ತಗ್ಗು ಎಂದು ಅಳೆಸಿ. ನೆನಪು ಇರುವ ಹಿರಿಯರು ಇರುವಾಗಲೇ ಇದನ್ನು ಮಾಡಬೇಕು.

ಆ ಹುಡುಗ ಈಗ ನಮ್ಮ ಶಾಲೆ ಮುಗಿಸಿದ್ದಾನೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಈ ಲೆಕ್ಕವನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹಂಗಾದ್ರ ನಮ್ಮ ಸೇತುವಿ ಎತ್ತರ ಎಷ್ಟೈತ್ರೀ ಸಾರ್?" ಎಂದ. ನನಗೆ ಗೊತ್ತಿರಲಿಲ್ಲ. ಮುಂದಿನ ಭಾನುವಾರ ಟೇಪು, ಹಗ್ಗ ತೆಗೆದುಕೊಂಡು ಇಬ್ಬರೂ ಹೋಗುವುದೆಂದು ಮಾತಾಗಿದೆ.